ಈರಸಂಗಪ್ಪನ ಹೊಲ ಮೇಲೆ ಬಂದದ್ದು

ನಮ್ಮೂರಲ್ಲಿ ಯಾರೂ ಹೊಲಕ್ಕೆ ಹೋಗುವುದಿಲ್ಲ, ಇಳಿಯುತ್ತಾರೆ. ಬೆಳಗ್ಗೆ ಬಾಗಿಲಲ್ಲಿ ನಿಂತು "ಹೊಲಕ್ಕ ಇಳಿತೀನಿ" ಅಂತ ಕೂಗಿಯೇ ಹೊರಡುವುದು. ಸುಗ್ಗಿ ಮುಗಿದು ಕಾಳು ಊರೊಳಗೆ ಬಂದಮೇಲೆ ಹೊಲ ನಾಲ್ಕು ಬೆರಳು ತಗ್ಗುತ್ತದೆ. ಬೆಳೆ ಚೆನ್ನಾಗಿ ಬಂದ ವರ್ಷ ಐದು. ನನ್ನ ಅಜ್ಜಿಯ ಕಾಲಕ್ಕೆ ರಸ್ತೆಯಿಂದ ಮೊಣಕಾಲುದ್ದ ಕೆಳಗಿದ್ದ ಹೊಲಗಳು ಈಗ ಎರಡಾಳು, ಮೂರಾಳು ಆಳದಲ್ಲಿವೆ. ಮಂದಿ ಅದಕ್ಕೆ ಹೊಂದಿಕೊಂಡಿದ್ದಾರೆ. ಏಣಿಯನ್ನೇ ಮಾಡುವ ಬಡಿಗೇರರ ಮನೆ ನಾಲ್ಕಿವೆ. ಬುತ್ತಿಯನ್ನು ಹಗ್ಗಕ್ಕೆ ಕಟ್ಟಿ ಬಿಡುತ್ತಾರೆ, ಚೀಲಗಳನ್ನು ರಾಟೆಯಿಂದ ಎತ್ತುತ್ತಾರೆ. ಎತ್ತುಗಳಿಗೆ ಕೊಟ್ಟಿಗೆ ಹೊಲದಲ್ಲೇ. ಕರುವಿದ್ದಾಗ ಜೋಲಿಯಲ್ಲಿ ಇಳಿಸಿದ ಎತ್ತು ಮೇಲಿನ ಊರನ್ನು ಒಮ್ಮೆಯೂ ನೋಡದೆ ಮುದಿಯಾಗುತ್ತದೆ. ಹೆಣ್ಣು ಕೊಡುವವರು ಹೊಲ ಎಷ್ಟು ಎಕರೆ ಅಂತ ಕೇಳುವ ಮೊದಲು ಎಷ್ಟು ಆಳ ಅಂತ ಕೇಳುತ್ತಾರೆ.

ಚೀಲದ ಗೊಬ್ಬರ ಹಾಕಿದರೆ ಬೆಳೆ ಬರುತ್ತದೆ, ತಗ್ಗುವುದು ನಿಲ್ಲುವುದಿಲ್ಲ. ತಿಪ್ಪೆಗೊಬ್ಬರ ಹಾಕಿದರೆ ಒಂದಿಷ್ಟು ತಡೆಯುತ್ತದೆ, ಆದರೆ ಬೇಕಾದಷ್ಟು ತಿಪ್ಪೆ ಈಗ ಯಾರ ಹತ್ತಿರವೂ ಇಲ್ಲ. ಆಳವಾದ ಹೊಲಕ್ಕೆ ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಮಳೆ ಬಂದರೆ ನೀರು ಹೊರಗೆ ಹೋಗಲು ದಾರಿಯಿಲ್ಲ.

ನನ್ನ ಹೆಸರು ಹುಲಿಗೆಮ್ಮ. ಊರ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಅವ್ವ ಗಾಳೆಮ್ಮ ಇದೇ ಊರಿನ ಹಳೇ ಪಾಯಖಾನೆಗಳ ಮಲವನ್ನು ಬುಟ್ಟಿಯಲ್ಲಿ ಹೊತ್ತವಳು. ಮಲದ ಗುಂಡಿಗೆ ಇಳಿದ ಅಪ್ಪ ಮೇಲೆ ಬರಲಿಲ್ಲ. ಆಗ ನನಗೆ ಒಂಬತ್ತು ವರ್ಷ. ಬುಟ್ಟಿ ಹೊರುವುದು ನಿಂತ ದಿನ ಅವ್ವ ಆ ಬುಟ್ಟಿಯನ್ನು ಒಲೆಗಿಟ್ಟು, ಅದರ ಉರಿಯಲ್ಲಿ ನೀರು ಕಾಯಿಸಿ ತಲೆಗೆ ಎರೆದುಕೊಂಡಳು. ಆಮೇಲೆ ಶಾಲೆಯಲ್ಲಿ ಅಡುಗೆ ಮಾಡಲು ಕೇಳಿ ಬೇಡ ಅನ್ನಿಸಿಕೊಂಡು, ಗಿರಣಿಯಲ್ಲಿ ಹತ್ತಿ ಆರಿಸಿ ನನ್ನನ್ನು ಪಿಯುಸಿ ಸೈನ್ಸ್‌ವರೆಗೆ ಓದಿಸಿದಳು. ಘಟಕದಲ್ಲಿ ಕೆಲಸ ಸಿಕ್ಕಿತು ಅಂತ ನಾನು ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಾ ಅಂದಳು: "ಇದರಿಂದ ಹೊರಗ ಹೋಗ್ಲಿ ಅಂತ ಓದಿಸಿದ್ರ, ಸುತ್ತು ಹಾಕಿ ಅಲ್ಲಿಗೇ ಬಂದ್ಯಲ್ಲ, ಹುಲಿಗಿ."

ಅಲ್ಲಿಗೇ ಬಂದಿದ್ದೆ, ನಿಜ. ಆದರೆ ಅಲ್ಲಿ ಯಾರೂ ಯಾವುದನ್ನೂ ತಲೆಯ ಮೇಲೆ ಹೊರುತ್ತಿರಲಿಲ್ಲ. ಕೊಳವೆಯಲ್ಲಿ ಬಂದ ನೀರು ತೊಟ್ಟಿಯಿಂದ ತೊಟ್ಟಿಗೆ ಹರಿದು ತಿಳಿಯಾಗಿ ಕಾಲುವೆಗೆ ಹೋಗುತ್ತಿತ್ತು. ತಳದಲ್ಲಿ ಉಳಿದ ಕೆಸರನ್ನು ಮರಳಿನ ಹಾಸುಗಳ ಮೇಲೆ ಹರಡಿ ಒಣಗಿಸುತ್ತಿದ್ದೆವು. ಅಂಥ ಆರು ಹಾಸುಗಳ ಉಸ್ತುವಾರಿ ನನ್ನದು. ಒಣಗಿದ್ದನ್ನು ಲಾರಿಗೆ ತುಂಬಿ ಊರಾಚೆಯ ಹಾಳು ಕಲ್ಲುಗಣಿಗೆ ಸುರಿಯುತ್ತಿದ್ದರು. ಆ ಗಣಿ ಒಂದು ವರ್ಷ ತುಂಬಿಯೇ ಹೋಯಿತು. ಕೊನೇ ಲಾರಿ ಸುರಿದದ್ದು ಅಂಚಿನಿಂದ ಜಾರಿ ರಸ್ತೆಗೆ ಬಂತು. ಇಂಜಿನಿಯರ್ ಕಲ್ಮೇಶ ಸಾಹೇಬರು ಮತ್ತು ನಾನು ಅದನ್ನು ನೋಡಲು ಹೋದೆವು. ರಸ್ತೆಯ ಒಂದು ಮಗ್ಗುಲಿಗೆ ತುಂಬಿ ತುಳುಕುವ ಗಣಿ, ಇನ್ನೊಂದು ಮಗ್ಗುಲಿಗೆ ಮೂರಾಳು ಆಳದ ಹೊಲ. ಸಾಹೇಬರು ಒಮ್ಮೆ ಆಕಡೆ, ಒಮ್ಮೆ ಈಕಡೆ ನೋಡಿದರು. "ಹುಲಿಗೆಮ್ಮ, ಊರು ತಿಂದದ್ದೆಲ್ಲಾ ಆ ಹೊಲದ ಕಡೆಯಿಂದ ಬಂದಿದ್ದು. ನಾವು ಈ ಕಡೆ ಒಗೀತಾ ಕೂತೀವಲ್ಲ" ಅಂದರು.

ಮೊದಲು ಘಟಕದ ಅಂಗಳದಲ್ಲೇ ಹತ್ತು ಹೆಜ್ಜೆ ಜಾಗದಲ್ಲಿ ಮಾಡಿ ನೋಡಿದೆವು. ಒಣಗಿದ ಕೆಸರಿಗೆ ಹತ್ತಿಕಟ್ಟಿಗೆಯ ಪುಡಿ, ಬೇವಿನ ಎಲೆ ಸೇರಿಸಿ ಗುಡ್ಡೆ ಹಾಕಿ, ಹದಿನೈದು ದಿನಕ್ಕೊಮ್ಮೆ ತಿರುವಿದೆವು. ಒಳಗೆ ಕೈ ಇಡಲಾಗದಷ್ಟು ಕಾವು. ರೋಗದ ಹುಳ, ಕಳೆಯ ಬೀಜ ಯಾವುದೂ ಆ ಕಾವಿಗೆ ಉಳಿಯುವುದಿಲ್ಲ. ನಾಲ್ಕು ತಿಂಗಳಿಗೆ ಅದು ಕಪ್ಪಗೆ, ಉದುರುದುರಾಗಿ, ಹಳೇ ಬಣವೆಯ ಬುಡದ ಮಣ್ಣಿನಂತೆ ವಾಸನೆ ಬರತೊಡಗಿತು. ಅದನ್ನು ಹಾಕಿ ಮೆಕ್ಕೆಜೋಳ ಬೆಳೆದು ಕೊಯ್ದೆವು. ಸುಗ್ಗಿಯಾದ ಮೇಲೂ ಆ ಹತ್ತು ಹೆಜ್ಜೆ ನೆಲ ತಗ್ಗಲಿಲ್ಲ. ಸಾಹೇಬರು ನೀರಿನ ಮಟ್ಟ ಹಿಡಿಯುವ ಕೊಳವೆ ತಂದು ಮೂರು ಸಲ ಅಳೆದರು.

ರೈತರ ಸಭೆ ಕರೆದರು. ಇದೆಲ್ಲಾ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಮಂದಿ ಎದ್ದು ಹೋಗಿದ್ದರು. ಉಳಿದವರಲ್ಲಿ ಮಾತಾಡಿದವನು ಈರಸಂಗಪ್ಪ. ಗಣಿಯ ಎದುರಿನ ಮೂರಾಳು ಆಳದ ಹೊಲ ಅವನದೇ, ಊರಲ್ಲೇ ಅತಿ ಆಳದ್ದು. ಅರವತ್ತು ದಾಟಿದ, ಎಲುಬಿನಂಥ ಮನುಷ್ಯ. ಹಿಂದಿನ ಮಳೆಗಾಲದಲ್ಲಿ ಅವನ ಹೊಲದಲ್ಲಿ ಹನ್ನೊಂದು ದಿನ ನೀರು ನಿಂತು, ಕೊಟ್ಟಿಗೆಯಲ್ಲಿದ್ದ ಒಂದು ಎತ್ತು ಸತ್ತಿತ್ತು.

"ಸಾಹೇಬ್ರ, ನನ್ನ ಹೊಲ ಪಾತಾಳ ಸೇರಿದ್ರೂ ಚಿಂತಿಲ್ಲ" ಅಂದ ಅವನು. "ಊರ ಹೇಲು ಹಾಕಿ ಅನ್ನ ಬೆಳಿಯೂದಿಲ್ಲ. ಅದನ್ನ ಮುಟ್ಟೋ ಮಂದಿ ಬ್ಯಾರೆ ಅದಾರ."

ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ. ಸಭೆಯಲ್ಲಿದ್ದವರೆಲ್ಲ ನೋಡಿದರು. ನಾನು ಕೈಯಲ್ಲಿದ್ದ ಹಾಳೆಗಳನ್ನು ಸರಿಮಾಡಿಕೊಳ್ಳುತ್ತಾ ಕೂತೆ. ಮನೆಗೆ ಬಂದು ಅವ್ವನಿಗೆ ಏನೂ ಹೇಳಲಿಲ್ಲ, ಆದರೆ ಅವಳಿಗೆ ಗೊತ್ತಾಗಿತ್ತು. ಊರೆಂದರೆ ಅಷ್ಟೇ.

ಎಂಟು ದಿನವಾದ ಮೇಲೆ ಒಬ್ಬ ಹೆಂಗಸು ಒಂಟಿಯಾಗಿ ಘಟಕದ ಗೇಟಿಗೆ ಬಂದಳು. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು, ಕಾಲಲ್ಲಿ ಹೊಲದ ಮಣ್ಣು. "ನಾ ನೀಲಗಂಗಾ ರೀ. ಈರಸಂಗಪ್ಪನ ಸೊಸಿ. ನಮ್ಮನ್ಯಾಗ ಗೊತ್ತಿಲ್ಲ, ಸಂತೀಗಂತ ಹೇಳಿ ಬಂದೀನಿ. ಅದನ್ನ ತೋರಸ್ರಿ" ಅಂದಳು.

ತೋರಿಸಿದೆ. ಹಸಿ ಕೆಸರಿನ ಹತ್ತಿರ ಮೂಗು ಮುಚ್ಚಿಕೊಂಡಳು. ಹಾಸುಗಳ ಹತ್ತಿರ ಮೂಗಿನ ಮೇಲಿನ ಸೆರಗು ತೆಗೆದಳು. ಗುಡ್ಡೆಯ ಹತ್ತಿರ ಬಂದಾಗ ಕೇಳದೆಯೇ ಒಂದು ಹಿಡಿ ಎತ್ತಿ, ಹಿಚುಕಿ, ಮೂಗಿಗೆ ಹಿಡಿದಳು. ನಾಲಿಗೆಗೂ ಹಚ್ಚಿಕೊಳ್ಳುತ್ತಾಳೇನೋ ಅಂತ ನಾನು ಹೆದರಿ ಕೈ ಹಿಡಿದೆ. ಅವಳು ನಕ್ಕಳು.

"ಇದರಾಗ ಏನು ಬೆಳೀಬಾರದು, ಅದನ್ನ ಮೊದಲ ಹೇಳ್ರಿ ಅಕ್ಕಾರ" ಅಂದಳು.

ಆ ಪ್ರಶ್ನೆ ಸಭೆಯಲ್ಲಿ ಯಾರೂ ಕೇಳಿರಲಿಲ್ಲ. "ಹಸೀದು ತಿನ್ನೂದು ಬ್ಯಾಡವ್ವ. ಮೂಲಂಗಿ, ಗಜ್ಜರಿ, ಸೌತಿ ಇಂಥಾವು. ಜೋಳ, ಹತ್ತಿ, ಸೂರ್ಯಕಾಂತಿ ನಡೀತಾವು" ಅಂದೆ.

"ನಮ್ದು ಹಿಂಗಾರಿ ಜೋಳನ. ನನ್ನ ಗಂಡ ಗೋಡಿ ಕುಸಿದು ಕಾಲು ಮುರಕೊಂಡು ಕುಂತಾನ. ಮಾವಾರು ಎಷ್ಟು ವರ್ಷ ಏಣಿ ಹತ್ತಿ ಇಳೀತಾರ, ನಾ ಎಷ್ಟು ವರ್ಷ ಇಳೀಲಿ?" ಎಂದವಳು ಕೈ ಒರೆಸಿಕೊಂಡು ಹೊರಟುಹೋದಳು.

ಅವಳು ಮನೆಯಲ್ಲಿ ಏನು ಹೇಳಿದಳೋ, ಎಷ್ಟು ದಿನ ಹೇಳಿದಳೋ ಗೊತ್ತಿಲ್ಲ. ಭಾದ್ರಪದ ಕಳೆಯುವಷ್ಟರಲ್ಲಿ ಈರಸಂಗಪ್ಪ ಮುಕ್ಕಾಲು ಎಕರೆಗೆ ಒಪ್ಪಿಕೊಂಡ. ನಮ್ಮಲ್ಲಿ ಮೂರು ಗುಡ್ಡೆ ಸಿದ್ಧವಾಗಿದ್ದವು, ಮೂರೂ ಅವನಿಗೇ ಅಂತಾಯಿತು. ಗುರುವಾರ ಹೊಲಕ್ಕೆ ಹಾಕುವುದು, ಮರುದಿನ ಬಿತ್ತುವುದು. ಹಿಂದಿನ ವಾರ ಒಳ್ಳೇ ಮಳೆಯಾಗಿ ಭೂಮಿ ಹದವಾಗಿತ್ತು. ದೊಡ್ಡ ಸಾಹೇಬರು, ನಗರಸಭೆಯವರು ನೋಡಲು ಬರುವವರಿದ್ದರು. ಕಲ್ಮೇಶ ಸಾಹೇಬರು ಹೊಸ ಅಂಗಿ ಹೊಲಿಸಿದ್ದರು.

ಸೋಮವಾರ ಮಧ್ಯಾಹ್ನ ನಾನು ಹಾಸುಗಳ ದಾಖಲೆ ಪುಸ್ತಕ ತಿರುವುತ್ತಿದ್ದೆ. ಇಲ್ಲೊಂದು ಮಾತು ಹೇಳಬೇಕು. ಕೆಸರು ಒಣಗುವಾಗ ಹಾಸಿನ ಮೇಲೆ ಟೊಮ್ಯಾಟೊ ಸಸಿ ಹುಟ್ಟುತ್ತವೆ. ಯಾರೂ ಬಿತ್ತಿದ್ದಲ್ಲ. ಊರವರು ತಿಂದ ಹಣ್ಣಿನ ಬೀಜ ಹೊಟ್ಟೆ, ಕೊಳವೆ, ತೊಟ್ಟಿ ಎಲ್ಲಾ ದಾಟಿ ಬಂದು ಅಲ್ಲಿ ಮೊಳೆಯುತ್ತದೆ. ನಾವು ಕಿತ್ತು ಕೆಸರಿನ ಜೊತೆಗೇ ಗುಡ್ಡೆಗೆ ಹಾಕುತ್ತೇವೆ. ಎಷ್ಟು ಕಿತ್ತೆವು ಅಂತ ನಾನು ಸುಮ್ಮನೆ ಚಟಕ್ಕೆ ಬರೆದಿಡುತ್ತಿದ್ದೆ. ಒಂದನೇ ಹಾಸಿನಲ್ಲಿ ಎರಡು ಬುಟ್ಟಿ. ಎರಡನೆಯದರಲ್ಲಿ ಎರಡೂವರೆ. ಮೂರನೇ ಗುಡ್ಡೆಗೆ ಕೆಸರು ಹೋದದ್ದು ನಾಲ್ಕನೇ ಹಾಸಿನಿಂದ, ಅದರ ಎದುರು ಏನೂ ಬರೆದಿರಲಿಲ್ಲ. ನನಗೆ ನೆನಪಾಯಿತು. ಆ ಹಾಸಿನಲ್ಲಿ ಒಂದೂ ಸಸಿ ಹುಟ್ಟಿರಲಿಲ್ಲ. ಕೀಳುವ ಕೆಲಸ ತಪ್ಪಿತು ಅಂತ ಅವತ್ತು ಖುಷಿಯಾಗಿತ್ತು.

ಬೀಜವನ್ನೂ ಕೊಲ್ಲುವಂಥದ್ದೇನೋ ಆ ಕೆಸರಿನಲ್ಲಿ ಇರಬೇಕು ಅನ್ನಿಸಿ ಸಾಹೇಬರ ಹತ್ತಿರ ಓಡಿದೆ. ಒಂದು ಮತ್ತು ಎರಡನೇ ಗುಡ್ಡೆಯ ಮಾದರಿ ಪರೀಕ್ಷೆಯಾಗಿ ಬಂದಿತ್ತು, ಚೆನ್ನಾಗಿತ್ತು. ಮೂರನೆಯದನ್ನು ಕಳಿಸಿರಲಿಲ್ಲ. ಅದೇ ಊರಿನ ಅದೇ ಕೆಸರು, ಇನ್ನೇನು ಅಂತ ಬಿಟ್ಟಿದ್ದರು.

"ಟೊಮ್ಯಾಟೊ ಹುಟ್ಟಲಿಲ್ಲ ಅಂತ ನಿಲ್ಲಸೂದೇನು?" ಅಂದರು ಸಾಹೇಬರು. "ಪರೀಕ್ಷಾಕ್ಕ ಕಳಿಸಿದ್ರ ಒಂಬತ್ತು ದಿನ ಬೇಕು. ಅಷ್ಟರಾಗ ಹದ ಹೋಗತೈತಿ. ಆ ಮನುಷ್ಯಾ ಮತ್ತೆ ಒಪ್ಪತಾನಾ? ಒಂದು ಗುಡ್ಡಿ, ಹುಲಿಗೆಮ್ಮ."

"ಮೂರನೇದು ಬ್ಯಾಡ್ರಿ ಸರ್. ಎರಡ ಹಾಕೂಣು."

"ಯಾಕ ಅಂತ ಕೇಳಿದ್ರ?"

"ಇದ್ದದ್ದು ಹೇಳೂಣು."

ಅವರು ಪುಸ್ತಕ ಎಳೆದುಕೊಂಡು ನಾಲ್ಕನೇ ಹಾಸಿನ ಸಾಲನ್ನು ತಾವೇ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಮೂರು ವರ್ಷ ಇದಕ್ಕಾಗಿ ಅಲೆದಿದ್ದರು. ಕೊನೆಗೆ, "ನೀನ ಹೋಗಿ ಹೇಳು. ನನಗ ಆಗೂದಿಲ್ಲ" ಅಂದರು.

ಹೇಳಲು ನಾನೇ ಹೋದೆ. ಈರಸಂಗಪ್ಪನ ಏಣಿಗೆ ಮೂವತ್ತೆರಡು ಮೆಟ್ಟಿಲು. ಇಳಿಯುತ್ತಾ ಹೋದಂತೆ ಊರಿನ ಸದ್ದು ನಿಂತು, ತಣ್ಣಗಿನ ಮಣ್ಣಿನ ಗೋಡೆ ಎರಡೂ ಕಡೆ ಎದ್ದು ನಿಂತಿತು. ಕೆಳಗೆ ಈರಸಂಗಪ್ಪ ಒಂಟಿ ಎತ್ತಿಗೆ ಮೇವು ಹಾಕುತ್ತಿದ್ದ. ನೀಲಗಂಗಾ ಕೂರಿಗೆಯ ಹಗ್ಗ ಬಿಗಿಯುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂರನೇ ಗುಡ್ಡೆಯ ಬಗ್ಗೆ ನನಗೆ ಅನುಮಾನವಿದೆ, ಏನು ಅಂತ ಗೊತ್ತಿಲ್ಲ, ಎರಡನ್ನೇ ಹಾಕಿಸಿ, ಅರ್ಧ ಎಕರೆಗೆ ಸಾಲುತ್ತದೆ ಅಂದೆ.

ಅವನು ಮೇವು ಕೆಳಗಿಟ್ಟ. "ಒಂದರಾಗ ವಿಷ ಇದ್ರ ಇನ್ನೆರಡರಾಗ ಇಲ್ಲಂತ ಯಾರ ಕಂಡಾರ?"

"ಪರೀಕ್ಷಾ ಆಗೇತ್ರಿ ಯಜಮಾನ್ರ. ಕಾಗದ ತಂದೀನಿ."

"ಕಾಗದ!" ಅವನ ಸ್ವರ ಗೋಡೆಗಳಿಗೆ ಬಡಿದು ತಿರುಗಿ ಬಂತು. "ಮಂದಿ ಮುಂದ ಮಾನ ಬಿಟ್ಟು ಹೂಂ ಅಂದಿದ್ದೆ. ನಿಮ್ಮ ಮಾತು ಕಟ್ಟಿಕೊಂಡು ಹೊಲ ಖಾಲಿ ಬಿಟ್ಟೆ. ನಡಿ, ಹತ್ತು ಮ್ಯಾಲ. ನಿಮ್ಮ ಗೊಬ್ಬರಾನೂ ಬ್ಯಾಡ, ನೀನೂ ಬ್ಯಾಡ."

ನೀಲಗಂಗಾ ಕೂರಿಗೆಯ ಹಗ್ಗ ಬಿಟ್ಟು ಬಂದು ಏಣಿಯ ಬುಡ ಹಿಡಿದಳು. ನಾನು ಮೂವತ್ತೆರಡು ಮೆಟ್ಟಿಲು ಹತ್ತಿದೆ. ಮರುದಿನ ಅವನು ಗೊಬ್ಬರವಿಲ್ಲದೆಯೇ ಜೋಳ ಬಿತ್ತಿದ. ದೊಡ್ಡ ಸಾಹೇಬರು ಬರಲಿಲ್ಲ. ಹೊಸ ಅಂಗಿ ಕಪಾಟಿನಲ್ಲೇ ಉಳಿಯಿತು.

ಒಂಬತ್ತು ದಿನಕ್ಕೆ ಮೂರನೇ ಗುಡ್ಡೆಯ ಕಾಗದ ಬಂತು. ಅದರಲ್ಲಿ ಕ್ರೋಮಿಯಂ ಅನ್ನುವ ಲೋಹ ಇರಬೇಕಾದ್ದಕ್ಕಿಂತ ಆರು ಪಟ್ಟು ಇತ್ತು. ಅಂಥದ್ದು ಹೊಟ್ಟೆಯಿಂದ ಬರುವುದಿಲ್ಲ. ಸಾಹೇಬರು ಕಾಗದವನ್ನು ಎರಡು ಸಲ ಓದಿ, ನನ್ನ ಎದುರು ಎದ್ದು ನಿಂತರು. "ತಪ್ಪಾಗತಿತ್ತು ನನ್ನಿಂದ" ಅಂದರು. ಮರುದಿನದಿಂದ ನಾವಿಬ್ಬರೂ ಬಾಟಲಿಗಳನ್ನು ಹಿಡಿದು ಊರ ಬೀದಿಗಳಲ್ಲಿ ಕೊಳಚೆ ಗುಂಡಿಗಳ ಮುಚ್ಚಳ ಒಂದೊಂದಾಗಿ ತೆಗೆಸಿ ನೀರು ನೋಡುತ್ತಾ ಹೋದೆವು. ಯಾರೂ ಒಳಗೆ ಇಳಿಯಲಿಲ್ಲ. ಉದ್ದನೆಯ ಕೋಲಿಗೆ ಬಾಟಲಿ ಕಟ್ಟಿ ಮೇಲಿನಿಂದಲೇ ತೆಗೆಯುತ್ತಿದ್ದೆ. ಐದನೇ ದಿನ ಪಾತ್ರೆ ಅಂಗಡಿಗಳ ಓಣಿಯ ಹಿಂದೆ ಬಾಟಲಿಯಲ್ಲಿ ಹಳದಿ ಹಸಿರು ನೀರು ಬಂತು. ಅಲ್ಲೊಬ್ಬ ಲೋಹದ ಸಾಮಾನುಗಳಿಗೆ ಹೊಳಪು ಕೊಡುವ ಕಾರ್ಖಾನೆ ಇಟ್ಟಿದ್ದ, ತೊಳೆದ ನೀರನ್ನು ಕೊಳವೆಗೆ ಬಿಡುತ್ತಿದ್ದ. ನಗರಸಭೆ ಅವನ ಕೊಳವೆಗೆ ಬೀಗ ಹಾಕಿತು. ಬೇರೆ ತೊಟ್ಟಿ ಕಟ್ಟಿಸಿದ ಮೇಲೆಯೇ ತೆಗೆದದ್ದು. ಮೂರನೇ ಗುಡ್ಡೆಯನ್ನು ಸಿಮೆಂಟಿನ ಗುಂಡಿಯಲ್ಲಿ ಹಾಕಿ ಮುಚ್ಚಿದೆವು. ಅಂದಿನಿಂದ ಪ್ರತಿ ಗುಡ್ಡೆಯ ಪರೀಕ್ಷೆ ಬಂದ ಮೇಲೆಯೇ ಅದಕ್ಕೆ ಸಲಿಕೆ ಮುಟ್ಟಿಸುವುದು.

ಈ ಸುದ್ದಿ ಊರೆಲ್ಲಾ ಆಯಿತು. ಇನ್ನು ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ ಅಂದುಕೊಂಡೆ. ಆದರೆ ಆ ಸಲದ ಸುಗ್ಗಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಈರಸಂಗಪ್ಪ ಗೇಟಿನ ಹೊರಗೆ ನಿಂತಿದ್ದ. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ನೀ ಅವತ್ತು ಹೇಳದಿದ್ರ ಯಾರಿಗರ ಗೊತ್ತಾಗತಿತ್ತೇನು?" ಅಂತ ಕೇಳಿದ.

"ಇಲ್ರಿ. ಯಾರಿಗೂ ಗೊತ್ತಾಗತಿರಲಿಲ್ಲ."

"ನಿನ್ನ ನೌಕರಿಗೆ ಕುತ್ತು ಬರತಿತ್ತೇನು, ಹೇಳಿದ್ದಕ್ಕ?"

"ಬರಬಹುದಿತ್ರಿ."

ಅವನು ಕಂಬಿ ಹಿಡಿದುಕೊಂಡು ಒಳಗಿನ ಗುಡ್ಡೆಗಳನ್ನು ಒಂದೊಂದಾಗಿ ನೋಡಿದ. "ಅವತ್ತಿನ ಆ ಎರಡು ಇನ್ನೂ ಅದಾವೇನು?"

ಇದ್ದವು. ತೊಂದರೆ ಇದ್ದದ್ದು ಅವನ್ನು ಇಳಿಸುವುದರಲ್ಲಿ. ಟ್ರ್ಯಾಕ್ಟರ್ ಹೊಲದ ಅಂಚಿನವರೆಗೆ ತಂದು ಸುರಿದು ಹೋಯಿತು. ಅಲ್ಲಿಂದ ರಾಟೆಯಲ್ಲಿ ಬಿಟ್ಟು, ಕೆಳಗೆ ಬುಟ್ಟಿಯಲ್ಲಿ ಹೊತ್ತು ಹರಡಬೇಕು. ಬರುತ್ತೇವೆ ಅಂದಿದ್ದ ಕೂಲಿಯವರು ಏನು ಅಂತ ಗೊತ್ತಾದ ಕೂಡಲೇ ಕಾಣೆಯಾದರು. ಕೊನೆಗೆ ಮೇಲೆ ಸಾಹೇಬರು ಮತ್ತು ನಾನು ತುಂಬಿ ಬಿಡುವುದು, ಕೆಳಗೆ ಮಾವ ಸೊಸೆ ಹೊರುವುದು ಅಂತಾಯಿತು. ಮುರಿದ ಕಾಲಿನ ಮಗ ಅಂಚಿನಲ್ಲಿ ಕೂತು ರಾಟೆಯ ಹಗ್ಗ ಹಿಡಿದ. ರಸ್ತೆಯ ಮೇಲೆ ಜನ ಸೇರಿದರು, ಜಾತ್ರೆಯಂತೆ ನೋಡಲು.

ಆ ಗುಂಪಿನಲ್ಲಿ ಅವ್ವ ಬಂದು ನಿಂತಿದ್ದು ನನಗೆ ಗೊತ್ತಿರಲಿಲ್ಲ. ಈರಸಂಗಪ್ಪ ಮೊದಲ ಬುಟ್ಟಿಯನ್ನು ತಲೆಗೆ ಏರಿಸಿ ನಾಲ್ಕು ಹೆಜ್ಜೆ ಇಟ್ಟು ಓಲಾಡಿದ. ಗೊಬ್ಬರ ಅವನ ಮುಖದ ಮೇಲೆ ಸುರಿಯಿತು. ಮೇಲಿನ ಜನ ನಕ್ಕರು. ಎರಡನೇ ಬುಟ್ಟಿಗೂ ಅದೇ ಗತಿ. ಆಗ ಗುಂಪನ್ನು ಸೀಳಿಕೊಂಡು ಒಂದು ಧ್ವನಿ ಬಂತು.

"ಕತ್ತು ಸೆಟೆಸಬ್ಯಾಡೋ ಯಜಮಾನಾ! ಸಿಂಬಿ ಇಲ್ದ ಯಾರರ ಬುಟ್ಟಿ ಹೊರತಾರ? ಪಟಗಾ ಬಿಚ್ಚಿ ಸುತ್ತು, ನೆತ್ತಿ ಮ್ಯಾಲ ಇಟ್ಕೊ. ಕಣ್ಣು ಮುಂದಿರಲಿ, ಕಾಲು ನೋಡಬ್ಯಾಡ."

ಜನ ದಾರಿ ಬಿಟ್ಟರು. ನಾನು ತಿರುಗಿ ನೋಡಿದೆ. ಅವ್ವ ಅಂಚಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಈರಸಂಗಪ್ಪ ಕೆಳಗಿನಿಂದ ತಲೆಯೆತ್ತಿ ಅವಳನ್ನು ನೋಡಿದ. ಅವಳು ಯಾರು ಅಂತ ಅವನಿಗೆ ಗೊತ್ತಿತ್ತು. ಅವನ ಮನೆಯ ಹಿತ್ತಲಿಗೂ ಅವಳು ಇಪ್ಪತ್ತು ವರ್ಷ ಬುಟ್ಟಿ ಹಿಡಿದು ಹೋಗಿದ್ದಳು. ಅವನು ನಿಧಾನವಾಗಿ ತಲೆಯ ಪಟಗ ಬಿಚ್ಚಿದ. ಸುರುಳಿ ಸುತ್ತಿದ. "ಹಿಂಗೇನು?" ಅಂತ ಕೇಳಿದ.

"ಇನ್ನೂ ಅಗಲ ಸುತ್ತು" ಅಂದಳು ಅವ್ವ.

ಮೂರನೇ ಬುಟ್ಟಿ ಚೆಲ್ಲಲಿಲ್ಲ. ಸಂಜೆಯವರೆಗೆ ಅವ್ವ ಅಲ್ಲೇ ನಿಂತು ಹೇಳುತ್ತಲೇ ಇದ್ದಳು. ಎಲ್ಲಿ ಇಳಿಸಬೇಕು, ಹೇಗೆ ಭಾರ ಬದಲಿಸಬೇಕು, ಎಷ್ಟು ಹೊತ್ತಿಗೆ ನೀರು ಕುಡಿಯಬೇಕು. ತಾನು ಒಂದು ಬುಟ್ಟಿಯನ್ನೂ ಮುಟ್ಟಲಿಲ್ಲ. ಯಾರೂ ಮುಟ್ಟು ಅನ್ನಲೂ ಇಲ್ಲ. ಮಬ್ಬಾಗುವ ಮೊದಲು ನೀಲಗಂಗಾ ಏಣಿ ಹತ್ತಿ ಬಂದು, ತಾವು ತಂದಿದ್ದ ರೊಟ್ಟಿ ಪುಂಡಿಪಲ್ಯದ ಬುತ್ತಿ ಬಿಚ್ಚಿ ಅವ್ವನ ಎದುರಿಟ್ಟು, "ಅಜ್ಜಿ, ನೀನ ಮೊದಲ ಉಣ್ಣು, ದಣಿದೀ" ಅಂದಳು. ಅವ್ವ, "ನಾ ಏನು ಹೊತ್ತೀನಂತ ದಣೀಲಿ?" ಅಂತ ಗದರಿ, ಉಂಡಳು. ಮನೆ ಬಾಗಿಲಲ್ಲಿ ನಿಂತು, "ಪುಂಡಿಪಲ್ಯಕ್ಕ ಬೆಳ್ಳುಳ್ಳಿ ಕಡಿಮಿ ಆಗಿತ್ತು" ಅಂದಳು.

ಆ ವರ್ಷದ ಹಿಂಗಾರಿಗೆ ಅರ್ಧ ಎಕರೆಯ ಜೋಳ ಎದೆಮಟ್ಟ ದಾಟಿ ಬೆಳೆಯಿತು. ರಾಶಿ ಮಾಡಿದ ಮೇಲೆ ಉಳಿದ ಹೊಲ ಎಂದಿನಂತೆ ನಾಲ್ಕು ಬೆರಳು ತಗ್ಗಿತು, ಆ ಅರ್ಧ ಎಕರೆ ಅಲ್ಲೇ ನಿಂತಿತು. ಮುಂದಿನ ಬೇಸಿಗೆಯಲ್ಲಿ ಅವನು ನಾಲ್ಕೂ ಎಕರೆಗೆ ಗೊಬ್ಬರ ಕೇಳಿದ. ನಮ್ಮಲ್ಲಿ ಅಷ್ಟು ಇರಲಿಲ್ಲ, ಎರಡು ಎಕರೆಗೆ ಕೊಟ್ಟೆವು. ಅದರ ಮರುವರ್ಷ ಇನ್ನೂ ಹದಿನೇಳು ಜನ ಬಂದರು. ಈಗ ಘಟಕದಲ್ಲಿ ಸರದಿಯ ಪಟ್ಟಿ ಇದೆ, ಅದರ ಬಗ್ಗೆ ಜಗಳಗಳೂ ಇವೆ. ಹೊಲಕ್ಕೆ ಹಾಕುವುದು ಅಂತಾದ ಮೇಲೆ ಜನ ಕೊಳವೆಗೆ ಏನು ಸುರಿಯಬಾರದು ಅಂತ ಒಬ್ಬರಿಗೊಬ್ಬರು ಹೇಳಿಕೊಡತೊಡಗಿದ್ದಾರೆ. ಒಬ್ಬಳು ಬಣ್ಣದ ಡಬ್ಬಿ ತೊಳೆದ ನೀರನ್ನು ಚರಂಡಿಗೆ ಚೆಲ್ಲಿದರೆ ಪಕ್ಕದ ಮನೆಯವಳು, "ಅದ ನಾಳೆ ನಿನ್ನ ರೊಟ್ಟಿ" ಅಂತ ಕೂಗುವುದನ್ನು ನಾನೇ ಕೇಳಿದ್ದೇನೆ. ಎಲ್ಲರೂ ಒಪ್ಪಿಲ್ಲ. ಈಗಲೂ ಮೂಗು ಮುರಿಯುವವರಿದ್ದಾರೆ, ಅವರ ಹೊಲಗಳು ಈಗಲೂ ಇಳಿಯುತ್ತಿವೆ.

ಗೊಬ್ಬರ ಹಾಕಲು ಶುರುಮಾಡಿದ ಮೇಲೆ ಈರಸಂಗಪ್ಪನ ನಾಲ್ಕನೇ ಸುಗ್ಗಿ ಹೋದ ತಿಂಗಳು ಮುಗಿಯಿತು. ರಾಶಿ ಎತ್ತಿದ ಮರುದಿನ ಹೊಲದ ಗೋಡೆಗೆ ಗೆರೆ ಎಳೆಯುವುದು ನಮ್ಮೂರ ರೂಢಿ. ನೆಲ ಮುಟ್ಟುವ ಜಾಗದಲ್ಲಿ ಉಳಿಯಿಂದ ಕೊರೆದು, ಈ ವರ್ಷ ಇಲ್ಲಿಗೆ ಬಂತು ಅಂತ ಗುರುತು ಮಾಡುತ್ತಾರೆ. ಪ್ರತಿ ವರ್ಷದ ಗೆರೆ ಹಿಂದಿನ ಗೆರೆಯ ಕೆಳಗೆ ಬರುತ್ತದೆ. ನನ್ನನ್ನೂ ಅವ್ವನನ್ನೂ ಸಾಹೇಬರನ್ನೂ ಕರೆದಿದ್ದರು. ಅವ್ವ ಏಣಿ ಇಳಿಯಲು ಒಪ್ಪದೆ ಮೇಲೆ ನಿಂತಳು. ಈರಸಂಗಪ್ಪ ಉಳಿ ಹಿಡಿದು ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೋದ ವರ್ಷದ ಗೆರೆಯನ್ನು ಹುಡುಕಿದ. ಸಿಗಲಿಲ್ಲ. ಕಣ್ಣು ಮಂಜಾಗಿದೆಯೇನೋ ಅಂತ ಒರೆಸಿಕೊಂಡು ಮತ್ತೆ ಹುಡುಕಿದ. ಬುಡದ ಮಣ್ಣನ್ನು ಬೆರಳಿಂದ ಕೆದರಿದ, ಇನ್ನಷ್ಟು ಕೆದರಿದ.

"ಮಾವಾರ, ಏನ ಹುಡುಕತೀರಿ?" ಅಂದಳು ನೀಲಗಂಗಾ. "ಅದು ಮಣ್ಣಾಗ ಹೋತು. ನೆಲ ಮ್ಯಾಲ ಬಂದೈತಿ."

ಅವನು ಕೆದರುವುದನ್ನು ನಿಲ್ಲಿಸಿದ. ಆಮೇಲೆ ಎರಡೂ ಅಂಗೈಯಿಂದ ಮಣ್ಣನ್ನು ಎಳೆದು ಕೆದರಿದ ಗುಳಿಯನ್ನು ಮುಚ್ಚಿ, ಮಗುವಿನ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟಿ ಸಮಮಾಡಿದ.

"ಇರಲಿ" ಅಂದ. "ಅಲ್ಲೇ ಇರಲಿ ಅದು."